ಹಿತ್ತಲಲ್ಲಿ ಬಿದ್ದ ಹಸಿರು ಕಾಯಿ: ಹೆಡ್ಜ್ ಆಪಲ್ ಬಗ್ಗೆ ಹೊಸಬರಿಗೆ ಮಾರ್ಗದರ್ಶಿ

ಕಾನ್ಸಾಸ್, ಮಿಸ್ಸೌರಿ, ಒಕ್ಲಹೋಮ, ಉತ್ತರ ಟೆಕ್ಸಾಸ್ ಕಡೆ ಹೊಸದಾಗಿ ಮನೆ ಮಾಡಿದವರು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: ಮರದ ಕೆಳಗೆ ಬಿದ್ದಿರುವ ಈ ಸುಕ್ಕುಸುಕ್ಕಾದ ಹಸಿರು ಉಂಡೆ ಏನು, ತಿನ್ನಬಹುದಾ? ತಿನ್ನುವ ಕಾಯಿ ಅಲ್ಲ. ವಿಷವೂ ಅಲ್ಲ. ಇದರ ಹೆಸರು ಓಸೇಜ್ ಆರೆಂಜ್, ಹಲವು ಕಡೆ ಹೆಡ್ಜ್ ಆಪಲ್ ಅಂತಲೂ ಕರೆಯುತ್ತಾರೆ. ಹೆಸರಲ್ಲಿ ಕಿತ್ತಳೆ ಇದ್ದರೂ ಇದು ನಮ್ಮ ಹಲಸು, ಹಿಪ್ಪುನೇರಳೆ, ಅತ್ತಿಯ ಕುಟುಂಬದ್ದು. ಕೊಯ್ದರೆ ಬರುವ ಬಿಳಿ ಸೊನೆ ಕೈಗೆ ಅಂಟಿಕೊಂಡ ಕೂಡಲೇ ಹಲಸು ಹೆಚ್ಚಿದವರಿಗೆ ನೆಂಟಸ್ತನ ಗೊತ್ತಾಗುತ್ತದೆ.

ಗುರುತು ಹಿಡಿಯುವುದು ಸುಲಭ. ಕಾಯಿ 4ರಿಂದ 6 ಇಂಚು ಅಗಲ, ಹಳದಿ ಬೆರೆತ ಹಸಿರು, ಮೈಯೆಲ್ಲಾ ಮೆದುಳಿನ ಹಾಗೆ ಮಡಿಕೆ. ಚೆನ್ನಾಗಿ ಬಲಿತದ್ದು ಒಂದು ಕಿಲೋ ತನಕ ತೂಗುತ್ತದೆ. ಇದೇ ಕಾಲದಲ್ಲಿ ಬೀಳುವ ಇನ್ನೊಂದು ಹಸಿರು ಕಾಯಿ ಬ್ಲ್ಯಾಕ್ ವಾಲ್‌ನಟ್. ಅದು ಎರಡು ಇಂಚು ಆಸುಪಾಸು, ಮಡಿಕೆ ಇಲ್ಲ, ಸಿಪ್ಪೆ ಬಿಡಿಸಿದರೆ ಕೈ ಕಪ್ಪುಕಂದು ಆಗಿ ದಿನಗಟ್ಟಲೆ ಹೋಗುವುದಿಲ್ಲ. ಅದರೊಳಗಿನ ಬೀಜ ತಿನ್ನುವಂಥದ್ದು. ಎರಡನ್ನೂ ಒಂದೇ ಬುಟ್ಟಿಗೆ ಹಾಕಬೇಡಿ.

ಯಾವ ಊರಲ್ಲಿ ಏನಂತಾರೆ

ಪಕ್ಕದ ಮನೆಯವರಿಗೆ ‘ಓಸೇಜ್ ಆರೆಂಜ್’ ಎಂದರೆ ಗೊತ್ತಾಗದೇ ಹೋಗಬಹುದು. ಕಾನ್ಸಾಸ್, ಮಿಸ್ಸೌರಿ, ಅಯೋವಾ, ಇಲಿನಾಯ್, ಒಹಾಯೋ ಕಡೆ ‘ಹೆಡ್ಜ್ ಆಪಲ್’ ಅಥವಾ ‘ಹೆಡ್ಜ್ ಬಾಲ್’ ಎನ್ನಿ. ಮರವನ್ನು ಬರೀ ‘ಹೆಡ್ಜ್’ ಎನ್ನುತ್ತಾರೆ. ಟೆಕ್ಸಾಸ್, ಒಕ್ಲಹೋಮದಲ್ಲಿ ಕಾಯಿ ‘ಹಾರ್ಸ್ ಆಪಲ್’. ಅಲ್ಲಿ ಮತ್ತು ಅರ್ಕಾನ್ಸಾದಲ್ಲಿ ಮರದ ಹೆಸರು ‘ಬೋಡಾರ್ಕ್’. ಬರೆಯುವಾಗ ಫ್ರೆಂಚ್ ಕಾಗುಣಿತದಲ್ಲಿ ‘ಬಾ ದಾರ್ಕ್’ ಎಂದು ಬರೆದಿರುತ್ತಾರೆ, ರಸ್ತೆ, ಹೊಳೆಗಳ ಹೆಸರಿನ ಫಲಕದಲ್ಲೂ ಹಾಗೇ ಕಾಣುತ್ತದೆ; ಓದುವುದು ಮಾತ್ರ ಬೋಡಾರ್ಕ್. ಬಿಲ್ಲಿಗೆ ಹೇಳಿ ಮಾಡಿಸಿದ ಮರ ಎಂದು ಫ್ರೆಂಚರು ಇಟ್ಟ ಹೆಸರು ಅದು, ಓಸೇಜ್ ಎಂಬ ಇಲ್ಲಿನ ಮೂಲನಿವಾಸಿ ಜನ ಇದರಿಂದಲೇ ಬಿಲ್ಲು ಮಾಡುತ್ತಿದ್ದರು. ಪೆನ್ಸಿಲ್ವೇನಿಯಾ ಕಡೆ ಹೋದರೆ ‘ಮಂಕಿ ಬಾಲ್’, ಮಕ್ಕಳ ಬಾಯಲ್ಲಿ ‘ಮಂಕಿ ಬ್ರೇನ್’. ಅಂಗಡಿಯವರು ‘ಸ್ಪೈಡರ್ ಬಾಲ್’ ಅಂತಲೂ ಮಾರುತ್ತಾರೆ, ಆ ಹೆಸರಿನ ಕಥೆ ಕೆಳಗಿದೆ. ‘ಮಾಕ್ ಆರೆಂಜ್’ ಎಂಬ ಹೆಸರನ್ನು ಮಾತ್ರ ನರ್ಸರಿಯಲ್ಲಿ ಬಳಸಬೇಡಿ: ಬಿಳಿ ಹೂವಿನ ಬೇರೆಯೇ ಪೊದೆಗಿಡ ತಂದು ಕೊಡುತ್ತಾರೆ.

ಇಷ್ಟೊಂದು ಮರ ಸಾಲಾಗಿ ಏಕೆ

ಈ ಮರದ ಮೂಲ ನೆಲೆ ರೆಡ್ ನದಿಯ ಸುತ್ತಲಿನ ಟೆಕ್ಸಾಸ್, ಒಕ್ಲಹೋಮ, ಅರ್ಕಾನ್ಸಾ ಭಾಗ. ಹುಲ್ಲುಗಾವಲಿನ ರಾಜ್ಯಗಳಲ್ಲಿ ಬೇಲಿ ಹಾಕಲು ಮರವೂ ಇಲ್ಲ, ಕಲ್ಲೂ ಇಲ್ಲ. ಹಾಗಾಗಿ 19ನೇ ಶತಮಾನದ ನಡುಭಾಗದಲ್ಲಿ ರೈತರು ಇದರ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು, ಕತ್ತರಿಸಿ, ಮುಳ್ಳಿನ ಜೀವಂತ ಬೇಲಿ ಮಾಡಿಕೊಂಡರು. ಕುದುರೆ ಹಾರಬಾರದು, ಗೂಳಿ ನುಗ್ಗಬಾರದು, ಹಂದಿ ನುಸುಳಬಾರದು ಎನ್ನುವುದು ಆಗಿನ ಅಳತೆ. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಸಿಕ್ಕ ಮೇಲೆ ಬೇಲಿಗಿಡ ಹಿಂದೆ ಸರಿಯಿತು, ಆದರೆ ತಂತಿ ಕಟ್ಟಲು ಬೇಕಾದ ಕಂಬ ಇದೇ ಮರದ್ದಾಯಿತು. ಮಣ್ಣಲ್ಲಿ ದಶಕಗಟ್ಟಲೆ ಕೊಳೆಯದ ಮರ ಇದು. 1930ರ ದಶಕದಲ್ಲಿ ದೂಳುಗಾಳಿ ತಡೆಯಲು ಸರ್ಕಾರ ನೆಡಿಸಿದ ಮರಸಾಲುಗಳಲ್ಲೂ ಇದು ಸೇರಿತು. ಹಳ್ಳಿ ರಸ್ತೆಯ ಪಕ್ಕ ನೀವು ನೋಡುವುದು ಬಹುತೇಕ ಆ ಹಳೇ ಬೇಲಿಗಳ ಪಳೆಯುಳಿಕೆ. ಅಂದರೆ ಅವು ಯಾರದೋ ಹೊಲದ ಗಡಿಯವು. ಕಾಯಿ ಆರಿಸುವ ಮುಂಚೆ ಕೇಳಿ. ರೈತರು ಸಾಮಾನ್ಯವಾಗಿ ‘ಎಷ್ಟು ಬೇಕಾದರೂ ಒಯ್ಯಿ’ ಎಂದೇ ಹೇಳುತ್ತಾರೆ, ಕೇಳದೆ ಬೇಲಿ ದಾಟಿದರೆ ಮಾತ್ರ ಸುಮ್ಮನಿರುವುದಿಲ್ಲ.

ರೇಷ್ಮೆ ಊರುಗಳಿಂದ ಬಂದವರಿಗೆ ಒಂದು ಮಾತು: ಹಿಪ್ಪುನೇರಳೆ ಸೊಪ್ಪಿಗೆ ಬದಲಾಗಿ ಇದರ ಎಲೆಯನ್ನು ರೇಷ್ಮೆಹುಳುವಿಗೆ ಹಾಕಿ ಸಾಕುವ ಪ್ರಯತ್ನವೂ 19ನೇ ಶತಮಾನದಲ್ಲಿ ಇಲ್ಲಿ ನಡೆದಿತ್ತು.

ಜೇಡ ಓಡಿಸುತ್ತದೆಯೇ

ಇಲ್ಲಿನವರ ಅತಿ ಗಟ್ಟಿ ನಂಬಿಕೆ ಇದು. ಅಕ್ಟೋಬರಿನಲ್ಲಿ ರೈತರ ಸಂತೆಯಲ್ಲಿ, ಕೆಲವು ದಿನಸಿ ಅಂಗಡಿಗಳಲ್ಲೂ ಕಾಯಿ ಮಾರಾಟಕ್ಕಿರುತ್ತದೆ. ಬೇಸ್‌ಮೆಂಟಿನ ಮೂಲೆಗೊಂದು, ಮಂಚದ ಕೆಳಗೊಂದು ಇಟ್ಟರೆ ಜೇಡ, ಜಿರಳೆ, ಕ್ರಿಕೆಟ್ ಹುಳು ಬರುವುದಿಲ್ಲ ಎಂದು ಅಜ್ಜಿಯಂದಿರು ಆಣೆ ಮಾಡಿ ಹೇಳುತ್ತಾರೆ.

ನಂಬಿಕೆ ಪೂರ್ತಿ ಗಾಳಿಯಿಂದ ಬಂದದ್ದಲ್ಲ. ಕಾಯಿಯಿಂದ ತೆಗೆದ ಸಾರಕ್ಕೆ ಜಿರಳೆಯನ್ನು ದೂರವಿಡುವ ಗುಣ ಇದೆ ಎಂದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಪ್ರಯೋಗಗಳು ತೋರಿಸಿವೆ. ಆದರೆ ಅದು ಸಾಂದ್ರ ಮಾಡಿದ ಸಾರದ ಮಾತು. ಇಡೀ ಕಾಯಿಯನ್ನು ಮೂಲೆಯಲ್ಲಿ ಇಟ್ಟರೆ ಅದರಿಂದ ಹೊರಬೀಳುವ ಅಂಶ ಒಂದು ಕೋಣೆಗೆ ಏನೇನೂ ಸಾಲದು. ಅಲ್ಲದೆ ಕಾಯಿ ಕೊಳೆಯತೊಡಗಿದರೆ ಹಣ್ಣುನೊಣ, ಇರುವೆ ಬರುತ್ತವೆ, ಕೆಳಗಿನ ಕಾರ್ಪೆಟ್ಟಿಗೆ ಕಂದು ಕಲೆ ಹತ್ತುತ್ತದೆ. ಇಡಲೇಬೇಕೆಂದರೆ ತಟ್ಟೆಯ ಮೇಲಿಡಿ, ವಾರಕ್ಕೊಮ್ಮೆ ತಿರುಗಿಸಿ ಅಡಿ ನೋಡಿ, ಮೆತ್ತಗಾದ ದಿನವೇ ಎಸೆಯಿರಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಾನ್ಸಾಸ್, ಮಿಸ್ಸೌರಿ, ಒಕ್ಲಹೋಮ, ಅರ್ಕಾನ್ಸಾದ ಮನೆಗಳಲ್ಲಿ ಬ್ರೌನ್ ರೆಕ್ಲೂಸ್ ಎಂಬ ವಿಷದ ಜೇಡ ಸಾಮಾನ್ಯ. ಅದಕ್ಕೆ ಇಷ್ಟವಾದ ಜಾಗ ರಟ್ಟಿನ ಪೆಟ್ಟಿಗೆ, ಅಂದರೆ ಹೊಸದಾಗಿ ಬಂದವರು ತಿಂಗಳುಗಟ್ಟಲೆ ಬಿಚ್ಚದೆ ಬೇಸ್‌ಮೆಂಟಿನಲ್ಲಿ ಪೇರಿಸಿಡುವ ಅದೇ ಪೆಟ್ಟಿಗೆಗಳು. ಕಾಯಿ ಇಟ್ಟಿದ್ದೇವೆ ಎಂದು ನೆಮ್ಮದಿಯಾಗಿರಬೇಡಿ. ಪೆಟ್ಟಿಗೆ ಬಿಟ್ಟು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಸಾಮಾನು ಹಾಕಿ. ಗೋಡೆಯ ಅಂಚಿಗೆ ಒತ್ತಿಕೊಂಡಂತೆ ಅಂಟು ಟ್ರ್ಯಾಪ್ ಇಡಿ, ಕೋಣೆಯ ನಡುವೆ ಇಟ್ಟರೆ ಏನೂ ಬೀಳುವುದಿಲ್ಲ, ಜೇಡ ಓಡಾಡುವುದು ಗೋಡೆಗುಂಟ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ. ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆಳೆಯಿರಿ, ಬೆಡ್‌ಶೀಟ್ ನೆಲಕ್ಕೆ ತಾಗದಿರಲಿ. ಮೂಲೆಯಲ್ಲಿಟ್ಟ ಬೂಟನ್ನು ಕೊಡವಿ ಹಾಕಿಕೊಳ್ಳಿ.

ತಿನ್ನುವುದು, ಔಷಧಿ, ನಾಯಿ, ದನ

ತಿರುಳು ನಾರುನಾರು, ಸೊನೆ ತುಂಬಿದ್ದು. ಸಾಂಬಾರಿಗೂ ಇಲ್ಲ, ಉಪ್ಪಿನಕಾಯಿಗೂ ಇಲ್ಲ. ಬೀಜ ತಿನ್ನಬಹುದು, ಅಳಿಲುಗಳು ಅದಕ್ಕಾಗಿಯೇ ಇಡೀ ಕಾಯಿಯನ್ನು ಕಿತ್ತು ಚೂರುಚೂರು ಮಾಡುತ್ತವೆ. ಲೋಳೆಯಿಂದ ಒಂದೊಂದೇ ಬೀಜ ಬಿಡಿಸುವ ಶ್ರಮ ನೋಡಿದರೆ ಅಳಿಲಿಗೇ ಬಿಡುವುದು ವಾಸಿ. ಕ್ಯಾನ್ಸರಿಗೆ ಇದರ ಪುಡಿ ಒಳ್ಳೆಯದು ಎಂಬ ಮಾತು ಕೆಲವು ಕಡೆ ಓಡಾಡುತ್ತಿದೆ; ಮನುಷ್ಯರಲ್ಲಿ ಅದಕ್ಕೆ ಆಧಾರವಿಲ್ಲ. ಊರಲ್ಲಿರುವ ಹಿರಿಯರಿಗೆ ಪುಡಿ ಕಳಿಸುವ ಯೋಚನೆ ಬಿಡಿ.

ಮಗು ಕಚ್ಚಿ ನುಂಗಿದ್ದರೆ ಬಾಯಿ ತೊಳೆಸಿ, ವಿಷ ಸಲಹಾ ಕೇಂದ್ರಕ್ಕೆ 1-800-222-1222ಗೆ ಕರೆ ಮಾಡಿ. ಕರೆ ಉಚಿತ, ದಿನದ 24 ಗಂಟೆಯೂ ಇರುತ್ತದೆ. ಉಸಿರು ಕಟ್ಟುತ್ತಿದ್ದರೆ ಮಾತ್ರ ನೇರ 911. ದನಗಳು ಇದನ್ನು ತಿಂದು ಸಾಯುವುದುಂಟು, ಆದರೆ ವಿಷದಿಂದಲ್ಲ: ಅಗಿಯದೆ ನುಂಗಿದ ಕಾಯಿ ಗಂಟಲಲ್ಲಿ ಸಿಕ್ಕಿಕೊಂಡು. ನಾಯಿಗೆ ಚೆಂಡಾಗಿ ಎಸೆಯಬೇಡಿ, ಚೂರು ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳಬಹುದು.

ಸೊನೆ ತಾಗಿ ಕೆಲವರಿಗೆ ತುರಿಕೆ, ಕೆಂಪು ದದ್ದು ಏಳುತ್ತದೆ. ರಬ್ಬರ್ ಗ್ಲೌಸಿನ ಅಲರ್ಜಿ ಇರುವವರು ಇದನ್ನು ಕೊಯ್ಯುವ ಕೆಲಸಕ್ಕೆ ಹೋಗದಿರುವುದೇ ಒಳ್ಳೆಯದು.

ಗೊಂಬೆ ಹಬ್ಬಕ್ಕೆ ಒಣಗಿಸಿದ ಬಿಲ್ಲೆ

ನಿಜವಾಗಿ ಉಪಯೋಗಕ್ಕೆ ಬರುವುದು ಇದೊಂದೇ, ಕಾಲವೂ ಸರಿಯಾಗಿ ನವರಾತ್ರಿ, ದೀಪಾವಳಿಗೆ ಕೂಡಿಬರುತ್ತದೆ. ಇಡೀ ಕಾಯಿಯನ್ನು ಹಿತ್ತಾಳೆ ತಟ್ಟೆಯಲ್ಲಿ ಜೋಡಿಸಿದರೂ ಚೆಂದ, ತಂಪು ಜಾಗದಲ್ಲಿ ಕೆಲವು ವಾರ ಇರುತ್ತದೆ. ಬಿಲ್ಲೆ ಮಾಡಿ ಒಣಗಿಸಿದರೆ ಅಂಚು ಸುರುಳಿ ಸುತ್ತಿ ಹೂವಾಗುತ್ತದೆ.

1. ಈಗತಾನೇ ಬಿದ್ದ, ಗಟ್ಟಿಯಾದ, ಪೆಟ್ಟಾಗದ ಕಾಯಿ ಆರಿಸಿ. ಕಂದು ಮಚ್ಚೆ ಇದ್ದ ಕಡೆ ಒಣಗಿದ ಮೇಲೆ ಕಪ್ಪಾಗುತ್ತದೆ.
2. ಮೇಜಿಗೆ ಹಳೇ ಪೇಪರ್ ಹಾಸಿ. ಕೈಗೆ ಗ್ಲೌಸ್, ಚಾಕುವಿಗೆ ಅಡುಗೆ ಎಣ್ಣೆ.
3. ಅಡ್ಡಕ್ಕೆ ಕಾಲು ಇಂಚು ದಪ್ಪ ಹೆಚ್ಚಿ. ಅರ್ಧ ಇಂಚಾದರೆ ಹೊರಗೆ ಒಣಗಿ ನಡುವೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ.
4. ಎರಡೂ ಬದಿಯ ಸೊನೆಯನ್ನು ಪೇಪರ್ ಟವೆಲಿನಿಂದ ಒತ್ತಿ ತೆಗೆಯಿರಿ. ಇದನ್ನು ಬಿಟ್ಟರೆ ಬಿಲ್ಲೆ ಟ್ರೇಗೆ ಅಂಟಿ, ಕೀಳುವಾಗ ಹರಿಯುತ್ತದೆ.
5. ಟ್ರೇ ಮೇಲೆ ಪಾರ್ಚ್‌ಮೆಂಟ್ ಪೇಪರ್ ಹಾಸಿ, ಓವನ್ 175 ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟು ಐದಾರು ಗಂಟೆ ಬಿಡಿ. ಗಂಟೆಗೊಮ್ಮೆ ತೆಗೆದು ಮಗುಚಿ ಹಾಕಿ, ಆಗಲೇ ಒಳಗಿನ ಹಬೆಯೂ ಹೋಗುತ್ತದೆ. ಆತುರಕ್ಕೆ ಬಿಸಿ ಏರಿಸಿದರೆ ಹಸಿರು ಹೋಗಿ ಬರೀ ಕಂದು.

ಚರ್ಮದಷ್ಟು ಗಡುಸಾದರೆ ಆಯಿತು. ನಡುವೆ ತೂತು ಮಾಡಿ ದಾರ ಪೋಣಿಸಿದರೆ ತೋರಣಕ್ಕೂ ಬರುತ್ತದೆ. ಚಾಕುವಿನ ಮೇಣವನ್ನು ಮೊದಲು ಎಣ್ಣೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ. ಉಳಿದ ಚೂರನ್ನು ಸಿಂಕಿನ ಡಿಸ್ಪೋಸಲ್‌ಗೆ ಹಾಕಿದರೆ ಪೈಪಿನಲ್ಲಿ ಮೇಣ ಕಟ್ಟುತ್ತದೆ, ಕಸಕ್ಕೆ ಹಾಕಿ. ಆಯುಧ ಪೂಜೆಗೆ ಬೂದುಗುಂಬಳ ಸಿಗಲಿಲ್ಲ ಎಂದು ಇದನ್ನು ಕಾರಿನ ಮುಂದೆ ಒಡೆಯಲು ಹೋಗಬೇಡಿ. ಡ್ರೈವ್‌ವೇ ತಿಕ್ಕಿ ತಿಕ್ಕಿ ಸಾಕಾಗುತ್ತದೆ. ನಿಂಬೆಹಣ್ಣು ಎಲ್ಲ ಅಂಗಡಿಯಲ್ಲೂ ಇದೆ.

ಅಂಗಳದಲ್ಲಿ ಮರ ಇದ್ದರೆ

ಅಕ್ಟೋಬರಿನಲ್ಲಿ ಅದರ ಕೆಳಗೆ ಕಾರು ನಿಲ್ಲಿಸಬೇಡಿ, ಮಕ್ಕಳ ಜೋಕಾಲಿಯನ್ನೂ ಸರಿಸಿ. ಹುಲ್ಲು ಕತ್ತರಿಸುವ ಮುಂಚೆ ಕಾಯಿಗಳನ್ನೂ, ಉದುರಿದ ಮುಳ್ಳು ಕಡ್ಡಿಗಳನ್ನೂ ಆರಿಸಿ. ಮುಳ್ಳು ಮೋವರಿನ ಟೈರಿಗೂ ಚಪ್ಪಲಿಯ ಅಟ್ಟೆಗೂ ಇಳಿಯುತ್ತದೆ. ಸೌದೆಯಾಗಿ ಇದು ಭಾರೀ ಶಾಖ ಕೊಡುತ್ತದೆ, ಆದರೆ ಪಟಪಟ ಕಿಡಿ ಹಾರುತ್ತದೆ. ಬಾಗಿಲಿರುವ ಒಲೆಗೆ ಸರಿ, ತೆರೆದ ಫೈರ್‌ಪ್ಲೇಸಿಗೆ ಬೇಡ.

ಗಂಡು, ಹೆಣ್ಣು ಮರ ಬೇರೆಬೇರೆ, ಕಾಯಿ ಬಿಡುವುದು ಹೆಣ್ಣು ಮಾತ್ರ. ನೆರಳಿಗೆಂದು ಹೊಸದಾಗಿ ನೆಡುವವರು ನರ್ಸರಿಯಲ್ಲಿ ‘ವೈಟ್ ಶೀಲ್ಡ್’ ಅಥವಾ ‘ವಿಚಿಟಾ’ ತಳಿ ಕೇಳಿ. ಎರಡೂ ಗಂಡು, ಮುಳ್ಳೂ ಇಲ್ಲದಷ್ಟು ಕಡಿಮೆ. ಊರಿನ ತೋಟದಲ್ಲಿ ನೆಡೋಣ ಎಂದು ಬೀಜವನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಹಾಗಿಲ್ಲ: ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.