ಅಕ್ಷರದ ಕಾಲು ಕತ್ತರಿಸದ ಪರದೆ ಬೇಕೆಂದು ಕೇಳುವ ಬಗೆ

ತುಮಕೂರಿನ ಸುತ್ತಮುತ್ತ ಶಾಲಾ ವಾರ್ಷಿಕೋತ್ಸವ, ರಾಜ್ಯೋತ್ಸವ, ಸಂಘಗಳ ಸಭೆ ನಡೆದಾಗ ಮೈಕಿನ ಜೊತೆಗೆ ಸಮಯದ ಪರದೆಯನ್ನೂ ನೋಡಿಕೊಳ್ಳುವುದು ನನ್ನ ಕೆಲಸ. ಸಭಿಕರಿಗೆ ಬೆನ್ನು ಮಾಡಿ ವೇದಿಕೆಯ ಅಂಚಿನಲ್ಲಿ 32 ಇಂಚಿನ ಟಿವಿ ಇಡುತ್ತೇನೆ. ಮೇಲೆ ಭಾಷಣಕ್ಕೆ ಉಳಿದಿರುವ ನಿಮಿಷ, ಕೆಳಗೆ ಮುಂದಿನ ಕಾರ್ಯಕ್ರಮದ ಹೆಸರು. ನಿರೂಪಣೆ ಮಾಡುವವರು ಚೀಟಿ ಹುಡುಕದೆ ಅದನ್ನೇ ನೋಡಿ ಹೇಳುತ್ತಾರೆ.

ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಒಂದು ಸಂಜೆ ಹೈಸ್ಕೂಲಿನ ಮೇಡಂ ಒಬ್ಬರು ನಿರೂಪಣೆಗೆ ನಿಂತಿದ್ದರು. ನಡುವೆ ರಂಗದ ತೆರೆಯ ಮರೆಗೆ ಬಂದು, "ಅಣ್ಣ, ಅಕ್ಷರಗಳಿಗೆ ಕಾಲೇ ಇಲ್ಲವಲ್ಲ!" ಎಂದರು. ಹೋಗಿ ನೋಡಿದೆ. 'ಮೂಡಲಪಾಯ' ಸರಿಯಾಗಿತ್ತು. 'ಚಿಟ್ಟಿಮೇಳ' ಮಾತ್ರ 'ಚಿಟಿಮೇಳ'ದಂತೆ ಕಾಣುತ್ತಿತ್ತು. 'ರಾಷ್ಟ್ರಗೀತೆ'ಯ ಬುಡವನ್ನು ಯಾರೋ ಕತ್ತರಿಯಿಂದ ಸವರಿದ ಹಾಗಿತ್ತು. ಚಿಟ್ಟಿಮೇಳವನ್ನು ಮೇಡಂ ಊಹಿಸಿ ಹೇಳಿಬಿಟ್ಟರು. ಸನ್ಮಾನಕ್ಕೆ ಬಂದ ಹಿರಿಯರ ಹೆಸರು ಹಾಗೆ ಮೊಟಕಾದರೆ ಊಹೆಯ ಮೇಲೆ ಕೂಗಲಾಗುವುದಿಲ್ಲ. ಹೆಸರು ತಪ್ಪಾದರೆ ಮುಂದಿನ ಸಾಲಿನಲ್ಲಿ ಕುಳಿತ ಅವರ ಮನೆಯವರ ಮುಖ ನೋಡಲಾಗದು. ಆ ರಾತ್ರಿಯೇ ಈ ಪರದೆಯನ್ನು ನಡೆಸುವ ತಂತ್ರಾಂಶ ಮಾಡಿದವರಿಗೆ ಬರೆಯಬೇಕೆಂದು ನಿರ್ಧರಿಸಿದೆ. ಮೊದಲ ಸಲ ಬರೆದದ್ದು ಎರಡೇ ಸಾಲು: ಕನ್ನಡ ಸರಿಯಾಗಿ ಬರುತ್ತಿಲ್ಲ, ದಯವಿಟ್ಟು ಸರಿಪಡಿಸಿ. ಉತ್ತರ ಬರಲಿಲ್ಲ. ಎರಡನೆಯ ಸಲ ಬರೆದ ರೀತಿಯನ್ನು ಇಲ್ಲಿ ವಿವರಿಸುತ್ತೇನೆ.

ಬರೆಯುವ ಮೊದಲು ಕಾರಣ ಹುಡುಕಿ. ಇಂಗ್ಲಿಷ್ ಅಕ್ಷರಗಳಲ್ಲಿ ಜಿ, ವೈ, ಪಿಗಳಂಥ ಕೆಲವೇ ಅಕ್ಷರಗಳ ಬಾಲ ಗೆರೆಯಿಂದ ತುಸು ಕೆಳಗಿಳಿಯುತ್ತದೆ. ನಮ್ಮ ಒತ್ತಕ್ಷರ ಹಾಗಲ್ಲ, ಇನ್ನೊಂದು ಅಕ್ಷರವೇ ಕೆಳಗೆ ಬಂದು ಕೂರುತ್ತದೆ. 'ಷ್ಟ್ರ'ದಲ್ಲಿ ಒಂದಲ್ಲ, ಎರಡು. ಪರದೆಯ ಪುಟವನ್ನು ಬರೆದವರು ಸಾಲಿನ ಎತ್ತರವನ್ನು ಅಕ್ಷರದ ಗಾತ್ರಕ್ಕೆ ಸಮನಾಗಿ, ಅಂದರೆ 1 ಎಂದು ಇಟ್ಟು, ಚೌಕಟ್ಟಿನಿಂದ ಹೊರಬಿದ್ದದ್ದನ್ನು ಮರೆಮಾಡು ಎಂದಿದ್ದರೆ ಒತ್ತು ಅಲ್ಲಿಗೇ ತುಂಡಾಗುತ್ತದೆ. ಅಕ್ಷರವನ್ನು ಚಿಕ್ಕದು ಮಾಡಿದರೂ ಪ್ರಯೋಜನವಿಲ್ಲ, ಸಾಲಿನ ಎತ್ತರವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಇದು ತಿಳಿಯದೆ ನಾನು ಅರ್ಧ ದಿನ ಗಾತ್ರ ಬದಲಿಸುತ್ತಾ ಕುಳಿತಿದ್ದೆ. ಬಳಿಕ ನೋಟೋ ಸಾನ್ಸ್ ಕನ್ನಡ, ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಯುಐ, ಹಳೆಯ ತುಂಗಾ, ಈ ಮೂರೂ ಫಾಂಟ್‌ಗಳನ್ನು ಹಾಕಿ ನೋಡಿದೆ. ಮೂರರಲ್ಲೂ ಕಾಲು ತುಂಡಾಗುತ್ತಿತ್ತು. ಹಾಗಾಗಿ ದೋಷ ಫಾಂಟಿನದಲ್ಲ ಎಂದು ಧೈರ್ಯವಾಗಿ ಬರೆಯಲು ಸಾಧ್ಯವಾಯಿತು.

ಕೇಳಬೇಕೆಂದಿರುವ ಆಯ್ಕೆ ಈಗಾಗಲೇ ಇದೆಯೇ ಎಂಬುದನ್ನೂ ನೋಡಿ. ಇಂಥ ತಂತ್ರಾಂಶಗಳು ಸಾಮಾನ್ಯವಾಗಿ ಬ್ರೌಸರಿನಲ್ಲೇ ಪರದೆ ತೋರಿಸುತ್ತವೆ. ಗಡಿಯಾರ ಮರೆಮಾಡುವುದು, ಬಣ್ಣ ಬದಲಿಸುವುದು ಮುಂತಾದ ಎಷ್ಟೋ ಆಯ್ಕೆಗಳು ಸೆಟ್ಟಿಂಗ್ಸ್‌ನಲ್ಲಿ ಇಲ್ಲದೆ, ಪುಟದ ವಿಳಾಸದ ಕೊನೆಯಲ್ಲಿ ಸೇರಿಸುವ ಪದಗಳಲ್ಲಿ ಅಡಗಿರುತ್ತವೆ. ಕೆಲವು ನಮ್ಮದೇ ಸಿಎಸ್‌ಎಸ್, ಅಂದರೆ ಪುಟದ ನೋಟವನ್ನು ನಿರ್ಧರಿಸುವ ಸೂಚನೆಗಳನ್ನು, ಸೇರಿಸಲು ಬಿಡುತ್ತವೆ. ಆಮೇಲೆ ಹಳೆಯ ಕೋರಿಕೆಗಳ ಪಟ್ಟಿಯಲ್ಲಿ ಹುಡುಕಿ. ವೇದಿಕೆಯ ಸಮಯ ತೋರಿಸುವ ಆನ್‌ಟೈಮ್‌ನಂಥ ಮುಕ್ತ ತಂತ್ರಾಂಶಗಳ ಪಟ್ಟಿ, ತಂತ್ರಾಂಶ ಬರೆಯುವವರು ಬಳಸುವ ಗಿಟ್‌ಹಬ್ ಜಾಲತಾಣದಲ್ಲಿ ಎಲ್ಲರಿಗೂ ಕಾಣುವಂತೆ ಇರುತ್ತದೆ; ಹಣ ಕೊಟ್ಟು ಬಳಸುವ ಸೇವೆಯಾದರೆ ಸಹಾಯದ ಇಮೇಲ್ ಇರುತ್ತದೆ. ಹುಡುಕುವಾಗ 'ಕನ್ನಡ' ಎಂದಷ್ಟೇ ಹುಡುಕಿದರೆ ಸಾಲದು. ಒತ್ತು ಕೆಳಗಿಳಿಯುವ ತೆಲುಗಿನವರಿಗೂ, ಖ್ಮೇರ್, ಬರ್ಮೀಸ್ ಲಿಪಿಯವರಿಗೂ ಇದೇ ಪಾಡು. ಅವರಲ್ಲಿ ಯಾರಾದರೂ ಕೇಳಿದ್ದರೆ ಹೊಸ ಕೋರಿಕೆ ತೆರೆಯದೆ ಅಲ್ಲಿಯೇ ನಿಮ್ಮ ಉದಾಹರಣೆ ಸೇರಿಸಿ.

ಇನ್ನು ಬರವಣಿಗೆ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಒಂದೇ: ಪರದೆಯ ಮುಂದೆ ನಿಂತವರಿಗೆ ಏನು ಕಷ್ಟ ಎಂಬುದನ್ನು ಮೊದಲು ಹೇಳಿ, ಯಾವ ಗುಂಡಿ ಬೇಕು ಎಂಬುದನ್ನು ಆಮೇಲೆ ಹೇಳಿ. ಆ ತಂತ್ರಜ್ಞರು ನಮ್ಮ ಲಿಪಿಯನ್ನು ಓದಿದವರಲ್ಲ. ಒತ್ತು ಕಾಣದಿದ್ದರೆ ಪದವೇ ಬದಲಾಗುತ್ತದೆ ಎಂಬುದು ಅವರಿಗೆ ತಾನಾಗಿ ಹೊಳೆಯುವುದಿಲ್ಲ. 'ಕತ್ತೆ' ಮತ್ತು 'ಕತೆ' ಎರಡನ್ನೂ ಪಕ್ಕಪಕ್ಕ ಬರೆದು, ಒಂದು ಪ್ರಾಣಿ, ಒಂದು ಕಥೆ ಎಂದು ಇಂಗ್ಲಿಷಿನಲ್ಲಿ ಅರ್ಥ ಕೊಟ್ಟೆ. ಅಷ್ಟು ಸಾಕಾಯಿತು. ನಾನು ಕಳುಹಿಸಿದ್ದರ ಸಾರ ಹೀಗಿತ್ತು:

"ಶೀರ್ಷಿಕೆ: ಮುಂದಿನ ಕಾರ್ಯಕ್ರಮದ ಹೆಸರಿಗೆ ಸಾಲಿನ ಎತ್ತರ ಬದಲಿಸುವ ಆಯ್ಕೆ. ನಿರೂಪಕರು ಸುಮಾರು ಎಂಟು ಅಡಿ ದೂರದಿಂದ ಹೆಸರನ್ನು ಓದಿ ಘೋಷಿಸುತ್ತಾರೆ. ಕನ್ನಡದಲ್ಲಿ ಅಕ್ಷರದ ಕೆಳಭಾಗ ಕತ್ತರಿಸಿಹೋಗಿ ಹೆಸರು ತಪ್ಪಾಗುತ್ತದೆ. ಮೂರು ಫಾಂಟ್, ಎರಡು ಬ್ರೌಸರ್‌ಗಳಲ್ಲಿ ಪರೀಕ್ಷಿಸಿದ್ದೇನೆ. ಸಾಲಿನ ಎತ್ತರ 1.6 ಆದಾಗ ಪೂರ್ತಿ ಕಾಣುತ್ತದೆ. ಈಗಿರುವ ನೋಟ ಎಲ್ಲರಿಗೂ ಹಾಗೆಯೇ ಇರಲಿ, ಬೇಕಾದವರು ಬದಲಿಸಿಕೊಳ್ಳುವಂತಿದ್ದರೆ ಸಾಕು. ಬೇರೆ ದಾರಿ ಇದ್ದರೆ ಅದೂ ಆಗಬಹುದು."

ಕೊನೆಯ ಎರಡು ವಾಕ್ಯಗಳನ್ನು ಬಿಡಬೇಡಿ. ಬೇರೆಯವರ ಪರದೆ ಕೆಡುತ್ತದೆ ಎಂಬ ಭಯ ಇಲ್ಲದಿದ್ದರೆ ಮಾಡುವವರಿಗೆ ಒಪ್ಪಲು ಸುಲಭ. 1.6 ಎಂಬ ಸಂಖ್ಯೆ ನನ್ನ ಟಿವಿಯ ಮುಂದೆ ನಿಂತು ಕಂಡುಕೊಂಡದ್ದು, ನಿಮ್ಮ ಫಾಂಟಿಗೆ ನೀವೇ ನೋಡಿ.

ತಂತ್ರಾಂಶದ ಆವೃತ್ತಿ ಸಂಖ್ಯೆ, ಬ್ರೌಸರ್, ಆಪರೇಟಿಂಗ್ ಸಿಸ್ಟಂ, ಪರದೆಯ ಅಳತೆ (ನನ್ನದು 1920×1080) ಬರೆಯಿರಿ. ಚಿತ್ರ ಎರಡು ಇರಲಿ: ಈಗ ಕಾಣುವುದು ಒಂದು, ಸರಿಯಾಗಿ ಕಾಣಬೇಕಾದದ್ದು ಇನ್ನೊಂದು. ಚಿತ್ರ ಮಾತ್ರ ಸಾಲದು, ಅದೇ ಪದಗಳನ್ನು ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡಿಯೂ ಕೊಡಿ. ಇಲ್ಲದಿದ್ದರೆ ಅವರು ಪರೀಕ್ಷೆಗೆ 'ಷ್ಟ್ರ' ಎಲ್ಲಿಂದ ತರಬೇಕು? ನುಡಿ ತಂತ್ರಾಂಶದಲ್ಲಿ ಹಳೆಯ ಆಸ್ಕಿ ಮಾದರಿಯಲ್ಲಿ ಟೈಪ್ ಮಾಡಿದ ಪಟ್ಟಿಯನ್ನು ಹಾಗೆಯೇ ಅಂಟಿಸಿದರೆ ಅವರ ಕಡೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತವೆ. ನಿಜವಾದ ಕಾರ್ಯಕ್ರಮದ ಪಟ್ಟಿಯನ್ನು ಕಳುಹಿಸಬೇಡಿ, ಅದರಲ್ಲಿ ಮಕ್ಕಳ ಹೆಸರಿರುತ್ತದೆ. ಸ್ವಾಗತ, ಪ್ರಾಸ್ತಾವಿಕ ನುಡಿ, ಚಿಟ್ಟಿಮೇಳ, ರಾಷ್ಟ್ರಗೀತೆ ಎಂದು ಒಂದು ಮಾದರಿ ಪಟ್ಟಿ ಮಾಡಿಕೊಂಡರೆ ಸಾಕು.

ಒಂದು ಕೋರಿಕೆಯಲ್ಲಿ ಒಂದೇ ವಿಷಯ. ಸಮಯ ಮೀರಿದಾಗ ಪರದೆ ಕೆಂಪಾಗಿ ಮಿನುಗುವುದು ಹಿರಿಯ ಭಾಷಣಕಾರರಿಗೆ ಮುಜುಗರ ತರುತ್ತದೆ ಎಂಬ ದೂರು ನನಗಿತ್ತು. ಅದನ್ನು ಪ್ರತ್ಯೇಕವಾಗಿ, ಬೇರೊಂದು ದಿನ ಬರೆದೆ.

ಹನ್ನೊಂದನೆಯ ದಿನ ಪ್ರಶ್ನೆಯೊಂದು ಬಂತು: ಹೆಸರು ಎರಡು ಸಾಲಾದರೆ ನಡುವಿನ ಅಂತರ ವಿಪರೀತವಾಗುವುದಿಲ್ಲವೇ? ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಉದ್ದದ ಹೆಸರೊಂದನ್ನು ಹಾಕಿ ಚಿತ್ರ ತೆಗೆದು ಅಂದೇ ಕಳುಹಿಸಿದೆ. ಹೀಗೆ ಕೇಳಿದಾಗ ತಡಮಾಡದೆ ಉತ್ತರಿಸಿ. ಯಾವಾಗ ಆಗುತ್ತದೆ ಎಂದು ಮಾತ್ರ ವಾರವಾರ ಕೇಳಬೇಡಿ. ಕಾಯುವ ದಿನಗಳಲ್ಲಿ ಹೆಸರುಗಳ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಟಿವಿಯ ಪಕ್ಕದಲ್ಲಿ ಅಂಟಿಸುತ್ತಿದ್ದೆ.

ಆಯ್ಕೆ ಸೇರಿದ ಪ್ರಾಯೋಗಿಕ ಆವೃತ್ತಿ ಬಂದಾಗ ಕಾರ್ಯಕ್ರಮದ ದಿನ ಅದನ್ನು ಹಾಕಿಕೊಳ್ಳಬೇಡಿ. ನಾನು ಮನೆಯಲ್ಲೇ ಟಿವಿ ಜೋಡಿಸಿ, ಮಾದರಿ ಪಟ್ಟಿಯನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ, ಎಂಟು ಅಡಿ ಹಿಂದೆ ನಿಂತು ಓದಿದೆ. 'ರಾಷ್ಟ್ರಗೀತೆ' ಕಾಲೂರಿ ನಿಂತಿತ್ತು. ಅದೇ ಜಾಗದಿಂದ ಚಿತ್ರ ತೆಗೆದು, ಸರಿಯಾಗಿದೆ ಎಂದೂ ಧನ್ಯವಾದ ಎಂದೂ ಬರೆದು, ಕೋರಿಕೆಯನ್ನು ಮುಚ್ಚಬಹುದು ಎಂದು ತಿಳಿಸಿದೆ.