ಹನ್ನೊಂದನೇ ಕ್ಲಾಸಿಗೆ ವಿಷಯ ಆರಿಸುವಾಗ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ದಿನದಿಂದ ನಮ್ಮ ಮನೆಯಲ್ಲಿ ಇದೇ ಮಾತು. ಊರಿಂದ ಮಾವ ಫೋನ್ ಮಾಡಿ, ‘ಪಿಸಿಎಂಬಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ) ಕೊಡಿಸಿಬಿಡು, ಇಂಜಿನಿಯರಿಂಗ್, ಡಾಕ್ಟರ್ ಎರಡೂ ದಾರಿ ತೆರೆದಿರುತ್ತೆ’ ಅಂದರು. ತೆರೆದಿರುತ್ತೆ ನಿಜ, ಓದೋದು ಮಾವ ಅಲ್ವಲ್ಲ!

ಮಗಳಿಗೆ ಒಂದೇ ಕೆಲಸ ಹೇಳಿದೆ: ಜೂನಿಯರ್ ಕಾಲೇಜಿನ ಬಯಾಲಜಿ, ಮ್ಯಾಥ್ಸ್ ಪುಸ್ತಕಗಳ ಮೊದಲ ಎರಡು ಪಾಠ ಓದು. ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿಯ ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಮ್ಯಾಥ್ಸ್‌ಗೆ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಬಯಾಲಜಿ ಮೂರನೇ ಪುಟಕ್ಕೇ ಆಕಳಿಕೆ. ಅಷ್ಟು ಸಾಕಾಯ್ತು.

ಇಲ್ಲಿ ಮಹಾರಾಷ್ಟ್ರದಲ್ಲಿ ಬೈಫೋಕಲ್ ಅಂತ ಒಂದು ಆಯ್ಕೆ ಇದೆ, ಗಮನಿಸಿ. ಕಂಪ್ಯೂಟರ್ ಸೈನ್ಸ್ ಅಥವಾ ಎಲೆಕ್ಟ್ರಾನಿಕ್ಸ್ ತಗೊಂಡರೆ 200 ಅಂಕ ಅದಕ್ಕೇ. ಎರಡನೇ ಭಾಷೆ ಹೋಗುತ್ತದೆ, ಜೊತೆಗೆ ಇನ್ನೊಂದು ವಿಷಯವೂ, ಸಾಮಾನ್ಯವಾಗಿ ಬಯಾಲಜಿ. ಡಾಕ್ಟರ್ ಆಸೆ ಸ್ವಲ್ಪ ಇದ್ದರೂ ಸುಮ್ನೆ ಅದಕ್ಕೆ ಕೈ ಹಾಕಬೇಡಿ, ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ಗೆ ಬಯಾಲಜಿ ಬೇಕೇ ಬೇಕು. ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಇಂಜಿನಿಯರಿಂಗ್‌ಗೆ ಪಿಸಿಎಂ ಗುಂಪು. ಫಾರ್ಮಸಿಗೆ ಪಿಸಿಎಂ, ಪಿಸಿಬಿ ಎರಡೂ ನಡೆಯುತ್ತವೆ.

ಬೈಫೋಕಲ್ ಫೀಸು ಬೇರೆ ಇರುತ್ತೆ, ಸೀಟೂ ಕಮ್ಮಿ. ಫಾರ್ಮ್ ತುಂಬುವ ಮೊದಲೇ ಕಾಲೇಜಿನ ಕೌಂಟರ್‌ನಲ್ಲಿ ಕೇಳಿಕೊಳ್ಳಿ.