ಅರವತ್ತರ ಮೇಲೆ ಬೈಕ್ ಹತ್ತುವವರಿಗೆ

ರಿಟೈರ್ ಆದ ಮೇಲೆ ನಾನೂ ದೋಸ್ತನೂ ಶಿರಸಿಯಿಂದ ಕನ್ಯಾಕುಮಾರಿಗೆ ಹೊರಟಿದ್ದೆವು. ನೀವೂ ಹೊರಡ್ತೀರಾ? ಮೊದಲು ಒಂದು ದಿನ ಕಾರವಾರಕ್ಕೆ ಹೋಗಿ ಬನ್ನಿ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ 66ನೇ ಹೆದ್ದಾರಿ. ಸೊಂಟ, ಮಂಡಿಯ ತಕರಾರೆಲ್ಲ ಅಲ್ಲೇ ಗೊತ್ತಾಗುತ್ತದೆ. ಘಟ್ಟದಲ್ಲಿ ಸುಮ್ನೆ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ. ಗೇರ್ ಇಳಿಸಿ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಚೈನನ್ನು ಸುಮಾರು 500 ಕಿಲೋಮೀಟರಿಗೊಮ್ಮೆ ಒರೆಸಿ ಎಣ್ಣೆ ಹಚ್ಚಿ. ಮಳೆಯಲ್ಲಿ ಓಡಿಸಿದ್ದರೆ ಅದೇ ಸಂಜೆ. ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ.

ಬಿ.ಪಿ. ಮಾತ್ರೆ ಎರಡು ಕಡೆ ಇಡಿ: ನಿಮ್ಮ ಜೇಬಲ್ಲೊಂದಿಷ್ಟು, ಗೆಳೆಯನ ಬ್ಯಾಗಲ್ಲೊಂದಿಷ್ಟು. ನನ್ನ ಡಬ್ಬಿ ಹೊನ್ನಾವರದಲ್ಲಿ ಚಹಾ ಕುಡಿದ ಮೇಜಿನ ಮೇಲೇ ಉಳಿಯಿತು. ನೆನಪಾಗಿದ್ದು ಭಟ್ಕಳ ದಾಟಿದ ಮೇಲೆ. "ಹೆಲ್ಮೆಟ್ ಒಳಗೆ ತಲೆ ಇದೆಯೇನೋ ಮಾರಾಯಾ?" ಅಂದ ದೋಸ್ತ. ಗಾಡಿ ತಿರುಗಿಸಿದೆವು.